ಮೇಲಿನ ತೋಟದ ಮಣ್ಣು

ಅಕ್ಕೂರು
9 ಜೂನ್ 2024

ಜಯಣ್ಣ,

ಕೈಯಲ್ಲಿ ಫೋನ್ ಇಟ್ಟುಕೊಂಡು ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಗಬೇಡ. ಫೋನಿನಲ್ಲಿ ನಾವಿಬ್ಬರೂ ಮಾತಾಡಿದರೆ ಕ್ಷೇಮ ಸಮಾಚಾರ ಮುಗಿಯುವ ಮೊದಲೇ ಜಗಳ ಶುರುವಾಗುತ್ತದೆ. ಅದೂ ಅಲ್ಲದೆ ನಾನು ಫೋನ್ ಹಿಡಿದರೆ ಸಾಕು, ನಮ್ಮ ಮಾವ ಜಗಲಿಯಲ್ಲಿ ಹತ್ತಿರಕ್ಕೆ ಸರಿದು ಕೂತು, "ಏನಂತವ್ವಾ ಬೀದರಿನ ಸಮಾಚಾರ?" ಅನ್ನುತ್ತಾರೆ. ಬೇರೆಯವರ ಕಾಗದವನ್ನು ಮಾತ್ರ ಅವರು ಬೆರಳಿನಿಂದಲೂ ಮುಟ್ಟುವವರಲ್ಲ. ಆದ್ದರಿಂದ ಇನ್ನು ಮೇಲೆ ಕಾಗದವೇ.

ವಿಷಯ ಇಷ್ಟು. ಈ ಮನೆಗೆ ಬಂದು ಒಂಬತ್ತು ವರ್ಷವಾಯಿತು. ಹಿಪ್ಪುನೇರಳೆ ಸೊಪ್ಪು ಕುಯ್ಯುವವಳು ನಾನು, ರೇಷ್ಮೆ ಹುಳು ಮೇಯಿಸುವವಳು ನಾನು, ಗೂಡು ಬಿಡಿಸುವವಳು ನಾನು. ಆದರೆ ತೋಟಕ್ಕೆ ಏನು ಹಾಕಬೇಕು, ಎಷ್ಟು ಹಾಕಬೇಕು ಅನ್ನುವ ಮಾತು ಬಂದಾಗ ಮಾತ್ರ ನಾನು ಒಳಗೆ ಹೋಗಿ ಕಾಫಿ ಕಾಯಿಸಬೇಕು. ಮಾವನ ಲೆಕ್ಕವೋ, ದೇವರಿಗೇ ಪ್ರೀತಿ. ಪಕ್ಕದ ತೋಟದ ಬೋರಲಿಂಗಯ್ಯ ಎಷ್ಟು ಸರ್ಕಾರಿ ಗೊಬ್ಬರ, ಅದೇ ಯೂರಿಯಾ ಡಿಎಪಿ, ಹಾಕಿದರು ಎಂದು ಬೇಲಿ ಮೇಲಿಂದ ಇಣುಕಿ ನೋಡಿ, ಅದಕ್ಕಿಂತ ಒಂದು ಮಕ್ಕರಿ ಹೆಚ್ಚು ಹಾಕಿಸುವುದು. ಬೋರಲಿಂಗಯ್ಯನವರೂ ಇವರನ್ನು ನೋಡಿಯೇ ಹಾಕುವುದಂತೆ. ಹೀಗೆ ಇಬ್ಬರೂ ಸೇರಿ ಮುನೇಶನ ಗೊಬ್ಬರದ ಅಂಗಡಿ ಬೆಳೆಸಿದ್ದಾರೆ.

ಮೊನ್ನೆ ತಡೆಯಲಾರದೆ ಕೇಳಿಯೇ ಬಿಟ್ಟೆ: ಮಣ್ಣನ್ನು ಒಮ್ಮೆ ಪರೀಕ್ಷೆ ಮಾಡಿಸೋಣ ಮಾವ, ನಮ್ಮಣ್ಣ ಬೀದರಿನಲ್ಲಿ ಅದೇ ಕೆಲಸದಲ್ಲಿದ್ದಾನಲ್ಲ. ಅವರು ಎಲೆ ಅಡಿಕೆ ಉಗಿದು ಬಂದು ಹೇಳಿದರು:

"ನಾನು ಈ ಮಣ್ಣ ತುಳ್ಕಂಡೇ ಮುದ್ಕ ಆಗಿವ್ನಿ ಕಣವ್ವ. ಅದ್ರ ಗುಣ ಬೀದರಿಗೆ ಕಳ್ಸಿ ಕೇಳ್ಬೇಕಾ? ಆಯ್ತು ಬುಡು, ನಿನ್ ಆಸೆ ಯಾಕ್ ಕೆಡುಸ್ಲಿ. ಮೇಲಿನ ತೋಟ ಎರಡು ಬೆಳೆಗಂಟ ನಿನ್ ಕೈಗೆ. ಸೊಪ್ಪು ಗೆದ್ರೆ ಕೆಳಗಿನ ತೋಟನೂ ನಿನ್ ಮಾತೇ. ಸೋತ್ರೆ ಮಾತ್ರ ಗೊಬ್ಬರದ ಸುದ್ದಿ ಎತ್ತಂಗಿಲ್ಲ."

ಅತ್ತೆ ಸಾಕ್ಷಿ. ನಮ್ಮ ಮನೆಯವರನ್ನು ಕೇಳಿದರೆ ಹಾಲಿನ ವ್ಯಾನು ಹತ್ತುತ್ತಾ ಇಬ್ಬರ ಕಡೆಗೂ ತಲೆಯಾಡಿಸಿ ಹೋದರು.

ಹುಳು ನಾಲ್ಕನೇ ಜ್ವರದ ಪೊರೆ ಕಳಚಿ ಎದ್ದು ಬಕಾಸುರರಂತೆ ತಿನ್ನುತ್ತಿವೆ. ಮನೆಬಿಟ್ಟು ಅಲ್ಲಾಡುವ ಹಾಗಿಲ್ಲ. ಮಣ್ಣನ್ನು ಮಾವನ ಕೈಲೇ ತರಿಸಿ ಕಳಿಸಿದ್ದೇನೆ. ನನ್ನ ಮರ್ಯಾದೆ ಆ ಚೀಲದಲ್ಲಿದೆ ಅಣ್ಣ, ಜೋಪಾನ.

ಲತಾ

*

ಬೀದರ್
27 ಜೂನ್ 2024

ತಂಗಿ ಲತಾಮಣಿಗೆ,

ನಿನ್ನ ಮರ್ಯಾದೆ ಭದ್ರವಾಗಿ ತಲುಪಿತು. ನೆರಳಿನಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದೆ. ಜರಡಿಯಲ್ಲಿ ತೆಂಗಿನ ನಾರಿನ ಚೂರು, ಒಂದಿಷ್ಟು ಅಕ್ಕಿಕಾಳು ಸಿಕ್ಕವು. ಅಡುಗೆಮನೆಯ ಚೀಲಕ್ಕೇ ತುಂಬಿ ಕಳಿಸಿದ್ದೀಯ, ನಿನ್ನ ಅಚ್ಚುಕಟ್ಟು ಇನ್ನೂ ಹಾಗೇ ಇದೆ.

ಈಗ ಸಿಹಿ ಸುದ್ದಿ ಕೇಳು. ನಮ್ಮೂರ ಕಡೆಯ ಕೆಂಪು ಮಣ್ಣಿನಲ್ಲಿ ಇಂಥ ಸಾರ ನಾನು ನೋಡಿಯೇ ಇಲ್ಲ! ಸಾವಯವ ಅಂಶ ಹೆಚ್ಚು, ರಂಜಕ ಹೆಚ್ಚು, ಪೊಟ್ಯಾಷೂ ಹೆಚ್ಚು. ನಮ್ಮ ಲ್ಯಾಬಿನವರೆಲ್ಲ ಬಂದು ನೋಡಿದರು. ನಿಮ್ಮ ಮಾವ ಚೆಲುವಯ್ಯನವರು ಸುಮ್ಮನೆ ಮೂಟೆ ಸುರಿಯುತ್ತಿದ್ದಾರೆ. ಈ ಬೆಳೆಗೆ ಡಿಎಪಿ ಬೇಡ, ಪೊಟ್ಯಾಷ್ ಬೇಡ, ಯೂರಿಯಾ ಎಂದಿನ ಅರ್ಧ ಸಾಕು. ಕೊಟ್ಟಿಗೆ ಗೊಬ್ಬರವನ್ನೂ ಈ ಸಲ ಕೆಳಗಿನ ತೋಟಕ್ಕೇ ಬಿಟ್ಟುಕೊಡು, ಪಾಪ, ಮಾವನಿಗೆ ಬೇಕಾಗುತ್ತದೆ.

ಧೈರ್ಯವಾಗಿ ಮಾಡು. ಕಾಗದದಲ್ಲಿರುವ ಅಂಕಿ ಯಾರ ಮುಖವನ್ನೂ ನೋಡಿ ಬರುವುದಿಲ್ಲ.

ನಿನ್ನ ಅಣ್ಣ,
ಜಯಕುಮಾರ್

*

ಅಕ್ಕೂರು
21 ಜುಲೈ 2024

ಅಣ್ಣ,

ನೀನು ಹೇಳಿದ ಹಾಗೇ ಹಾಕಿದ್ದೇನೆ. ತೋಟ ಚೆನ್ನಾಗಿದೆ. ಮಳೆ ಒಂದೆರಡು ಸಲ ಬಂತು. ಅತ್ತಿಗೆಯ ಮಂಡಿನೋವು ಹೇಗಿದೆ? ಇಲ್ಲಿ ಎಲ್ಲರೂ ಆರಾಮ.

ಲತಾ

*

ಬೀದರ್
5 ಆಗಸ್ಟ್ 2024

ಲತಾ,

ನಿನ್ನ ಕಾಗದ ನೋಡಿ ಹಿಗ್ಗಿ ಹೋದೆ. ಮೂರೇ ಸಾಲು ಬರೆದಿದ್ದೀಯ ಅಂದರೆ ಸೊಪ್ಪಿನ ಕೆಲಸದಲ್ಲಿ ಮುಳುಗಿದ್ದೀಯ ಅಂತ ಅರ್ಥ. ಮೊನ್ನೆ ಇಲ್ಲಿಗೆ ರೈತರ ಗುಂಪೊಂದು ಬಂದಿತ್ತು. ಅವರ ಮುಂದೆ ನಿಂತು ನಿನ್ನದೇ ಕಥೆ ಹೇಳಿದೆ. ಚನ್ನಪಟ್ಟಣದ ಕಡೆ ನನ್ನ ತಂಗಿಯೊಬ್ಬಳು ಪರೀಕ್ಷೆ ನಂಬಿ ಅರ್ಧ ಗೊಬ್ಬರದಲ್ಲೇ ಪೂರ್ತಿ ತೋಟ ಬೆಳೆದಿದ್ದಾಳೆ ಅಂದೆ. ಚಪ್ಪಾಳೆ ಹೊಡೆದರು ಕಣೇ!

ಮಾವ ಏನಂದರು? ಅದನ್ನು ಬರೆಯಲೇ ಇಲ್ಲವಲ್ಲ. ಬಾಯಿ ಕಟ್ಟಿರಬೇಕು.

ಜಯಣ್ಣ

*

ಅಕ್ಕೂರು
26 ಆಗಸ್ಟ್ 2024

ಚಪ್ಪಾಳೆ ಹೊಡೆದವರನ್ನು ಇಲ್ಲಿಗೆ ಕರೆದುಕೊಂಡು ಬಾ. ತೋಟ ತೋರಿಸುತ್ತೇನೆ.

ಸೊಪ್ಪು ಹಳದಿಗೆ ತಿರುಗಿ ಒಂದು ತಿಂಗಳಾಯಿತು. ಜುಲೈಯಲ್ಲಿ ನಿನಗೆ ಬರೆದಾಗಲೇ ಕೆಳಗಿನ ಎಲೆ ಬಿಳಿಚಿಕೊಂಡಿತ್ತು. ಸರಿಹೋಗುತ್ತದೆ, ಸರಿಹೋಗುತ್ತದೆ ಅಂದುಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ಎಲೆ ಅಂಗೈ ಅಗಲಕ್ಕೂ ಬರಲಿಲ್ಲ. ಹುಳು ಹಸಿದು ತಲೆಯೆತ್ತಿ ನೋಡುತ್ತಿದ್ದವು. ಕೊನೆಗೆ ಮಾವನೇ ಕೆಳಗಿನ ತೋಟದ ಸೊಪ್ಪು ಹೊತ್ತುಕೊಂಡು ಬಂದು ಹುಳುಮನೆ ಬಾಗಿಲಲ್ಲಿ ಇಳಿಸಿದರು. ಹಾಗಾಗಿ ಒಂದಷ್ಟು ಗೂಡು ಕಟ್ಟಿದವು, ಅದೂ ಮೆತ್ತಗೆ. ರಾಮನಗರದ ಮಾರುಕಟ್ಟೆಯಲ್ಲಿ ಕೊಳ್ಳುವವರು ಒಂದು ಗೂಡು ಹಿಸುಕಿ ನೋಡಿ ಮುಂದಕ್ಕೆ ಹೋದರು. ನಾನು ಸೆರಗು ಸರಿಮಾಡಿಕೊಳ್ಳುತ್ತಾ ನೆಲ ನೋಡುತ್ತಾ ನಿಂತಿದ್ದೆ.

ಮಾವ ಬೈದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ನನಗೆ ಕೇಳಿಸುವ ಹಾಗೆ ಎಮ್ಮೆಗೆ ಹೇಳಿದರು: "ನೀನಾದ್ರೂ ಹುಲ್ ತಿನ್ನವ್ವ, ಕಾಗ್ದ ತಿನ್ಬೇಡ." ಬೋರಲಿಂಗಯ್ಯ ಬೇಲಿಯಾಚೆಯಿಂದ, "ಬೀದರ್ ಗೊಬ್ಬರ ಹೆಂಗೈತವ್ವ?" ಅಂತ ದಿನಕ್ಕೊಂದು ಸಲ ಕೇಳುತ್ತಾರೆ.

ಒಂದು ಬೆಳೆ ಹೋಯಿತು. ಉಳಿದಿರುವುದು ಇನ್ನೊಂದೇ. ನಿನ್ನ ಅಂಕಿ ಯಾರ ಮುಖವನ್ನೂ ನೋಡುವುದಿಲ್ಲ ಅಂದೆಯಲ್ಲ, ನನ್ನ ಮುಖಕ್ಕೆ ಸರಿಯಾಗಿ ಮಸಿ ಬಳಿಯಿತು.

*

ಬೀದರ್
2 ಸೆಪ್ಟೆಂಬರ್ 2024

ಲತಾ,

ನಿನ್ನ ಕಾಗದದ ಕೊನೆಯಲ್ಲಿ ಹೆಸರು ಕೂಡ ಇರಲಿಲ್ಲ. ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಮನೆಯಲ್ಲಿ ನಿನ್ನನ್ನು ತುಂಬ ಹೀಯಾಳಿಸುತ್ತಿದ್ದಾರಾ? ಮರೆಮಾಚದೆ ಹೇಳು. ರಜೆ ಹಾಕಿ ಬರುತ್ತೇನೆ, ನಾಲ್ಕು ದಿನ ನಿನ್ನನ್ನು ಕರೆದುಕೊಂಡು ಬಂದು ಇಲ್ಲಿ ಇಟ್ಟುಕೊಳ್ಳುತ್ತೇನೆ. ಆ ಚೆಲುವಯ್ಯನವರ ಹತ್ತಿರವೂ ಒಂದು ಮಾತು ಆಡುತ್ತೇನೆ. ನಿಮ್ಮ ಅತ್ತಿಗೆಯೂ ಬೇಡಮ್ಮ ಆ ಪಂದ್ಯ, ಬಿಟ್ಟುಬಿಡು ಅನ್ನುತ್ತಿದ್ದಾಳೆ.

ನಿನ್ನ ಮಣ್ಣನ್ನು ಮತ್ತೆ ಪರೀಕ್ಷಿಸಿದೆ. ಅದೇ ಅಂಕಿ ಬಂತು. ನನ್ನ ಕಡೆ ತಪ್ಪಿಲ್ಲ ಅಂತ ವಾದ ಮಾಡುತ್ತಿಲ್ಲ, ನಿಜವಾಗಿಯೂ ನನಗೆ ಅರ್ಥವಾಗುತ್ತಿಲ್ಲ. ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡ. ಆ ಮಣ್ಣನ್ನು ಮಾವ ತೋಟದಲ್ಲಿ ಎಲ್ಲಿಂದ ತೆಗೆದರು?

ಜಯಣ್ಣ

*

ಅಕ್ಕೂರು
9 ಸೆಪ್ಟೆಂಬರ್ 2024

ಅಣ್ಣಾ,

ಯಾರು ಕರೆದರು ನಿನ್ನನ್ನು? ಬಂದು ಕರೆದುಕೊಂಡು ಹೋಗುತ್ತಾನಂತೆ! ನಾನೇನು ಅಳುತ್ತಾ ಮೂಲೆ ಹಿಡಿದಿದ್ದೇನೆ ಅಂದುಕೊಂಡೆಯಾ? ಮಾವ ಹೀಯಾಳಿಸಿದ್ದು ಪರೀಕ್ಷೆಯನ್ನು, ನನ್ನನ್ನಲ್ಲ. ಹುಳು ಹಸಿದಾಗ ಸೊಪ್ಪು ಹೊತ್ತು ತಂದವರು ಅವರೇ. ಅವರ ಹತ್ತಿರ ನೀನು ಒಂದು ಮಾತೂ ಆಡುವುದು ಬೇಡ.

ಇನ್ನು ನಿನ್ನ ಪ್ರಶ್ನೆ. ಮಾವನನ್ನು ನೇರವಾಗಿ ಕೇಳಿದರೆ ಅನುಮಾನ ಪಟ್ಟ ಹಾಗಾಗುತ್ತದೆ ಎಂದು, ರಾಗಿ ಕೇರುತ್ತಿದ್ದ ಅತ್ತೆಯ ಪಕ್ಕ ಕೂತು ಮೆಲ್ಲಗೆ ಕೇಳಿದೆ. ಅವರು ಮೊರ ನಿಲ್ಲಿಸಿ ನನ್ನನ್ನೇ ವಿಚಿತ್ರವಾಗಿ ನೋಡಿದರು.

"ಇನ್ನೆಲ್ಲಿಂದ ತಗೀತಾರೆ? ಮನೆ ಮಣ್ಣು ಪರಸ್ಥಳಕ್ಕೆ ಹೋಯ್ತದೆ ಅಂದ್ರೆ ಸುಮ್ಕೆ ಆಯ್ತದಾ? ಈಶಾನ್ಯದ ದೇವ್‌ಮೂಲೇಲಿ ಕಾಯಿ ಒಡ್ದು, ಅಕ್ಸತೆ ಹಾಕಿ, ಕೈ ಮುಗ್ದು ತಗ್ದವ್ರೆ. ನಿನ್ಗೆ ಒಳ್ಳೇದಾಗ್ಲಿ ಅಂತ್ಲೇ ಕಣವ್ವ."

ನಿನ್ನ ಜರಡಿಗೆ ಸಿಕ್ಕ ತೆಂಗಿನ ನಾರು, ಅಕ್ಕಿಕಾಳು ಎಲ್ಲಿಯವು ಅಂತ ಈಗ ಗೊತ್ತಾಯಿತಾ? ನನ್ನ ಅಡುಗೆಮನೆಯನ್ನು ಅಂದೆಯಲ್ಲ!

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದಷ್ಟು ಹೊತ್ತು ನಕ್ಕೆ, ಆಮೇಲೆ ಕಣ್ಣಲ್ಲಿ ನೀರು ಬಂತು. ನನ್ನನ್ನು ಸೋಲಿಸಬೇಕು ಅಂತ ಅವರು ಮಣ್ಣು ತೆಗೆದಿರಲಿಲ್ಲ ಅಣ್ಣ. ಪಂದ್ಯ ಕಟ್ಟಿದ ಮನುಷ್ಯನೇ ನಾನು ಗೆಲ್ಲಲಿ ಎಂದು ಕಾಯಿ ಒಡೆದಿದ್ದರು.

ಈ ಸಲ ನಾನೇ ತೆಗೆದಿದ್ದೇನೆ. ಮೇಲಿನ ತೋಟವನ್ನು ಹಾವು ಹರಿದಂತೆ ಸೊಟ್ಟಸೊಟ್ಟಗೆ ಸುತ್ತಿ, ದೇವಮೂಲೆ, ಬದು, ಮರದ ನೆರಳು, ತಿಪ್ಪೆಯ ಪಕ್ಕ ಎಲ್ಲ ಬಿಟ್ಟು, ಅಲ್ಲಲ್ಲಿ ಗುಂಡಿ ತೋಡಿ ತೆಗೆದೆ. ಎಲ್ಲವನ್ನೂ ಕಲಸಿ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಪಾಲು ಚೆಲ್ಲಿ, ಉಳಿದದ್ದನ್ನು ಮತ್ತೆ ಕಲಸಿ, ಕೊನೆಗೆ ಉಳಿದ ಒಂದು ಹಿಡಿಯನ್ನು ಕಳಿಸುತ್ತಿದ್ದೇನೆ. ಬೋರಲಿಂಗಯ್ಯ, "ಏನವ್ವ, ಕಡ್ಲೆಕಾಯಿ ಕಳ್ಕಂಡ್ಯಾ?" ಅಂದರು. ಹೌದು ಕಣಣ್ಣ, ಸಿಕ್ಕಿದರೆ ನಿಮಗೂ ಕೊಡುತ್ತೇನೆ ಅಂದೆ.

ಬೇಗ ಮಾಡು.

ಲತಾ

*

ಬೀದರ್
24 ಸೆಪ್ಟೆಂಬರ್ 2024

ಲತಾ,

ದೇವಮೂಲೆಯ ವಿಷಯ ಓದಿ ಲ್ಯಾಬಿನಲ್ಲಿ ಒಬ್ಬನೇ ನಕ್ಕಿದ್ದಕ್ಕೆ ಎಲ್ಲರೂ ತಿರುಗಿ ನೋಡಿದರು. ಅವರಿಗೂ ಹೇಳಿದೆ. ಇಷ್ಟು ವರ್ಷದಲ್ಲಿ ತಿಪ್ಪೆಯ ಮಣ್ಣು ಬಂದದ್ದು ನೋಡಿದ್ದೇವೆ, ಕಾಲುವೆಯ ಹೂಳು ಬಂದದ್ದು ನೋಡಿದ್ದೇವೆ. ಪೂಜೆ ಮಾಡಿಸಿಕೊಂಡು ಬಂದ ಮಣ್ಣು ಇದೇ ಮೊದಲು.

ಹೊಸ ಮಣ್ಣಿನ ಫಲಿತಾಂಶ ಬಂದಿದೆ. ತೋಟದ ಮಣ್ಣಿನಲ್ಲಿ ಸಾವಯವ ಅಂಶ ತೀರಾ ಕಡಿಮೆ. ಸಾರಜನಕ ಇಲ್ಲವೆನ್ನುವಷ್ಟು ಅಲ್ಪ, ಪೊಟ್ಯಾಷ್ ಕಡಿಮೆ. ರಂಜಕ ಮಾತ್ರ ಇದರಲ್ಲೂ ಬೇಕಾದ್ದಕ್ಕಿಂತ ಹೆಚ್ಚು. ವರ್ಷವರ್ಷ ಹಾಕಿದ ಡಿಎಪಿಯ ರಂಜಕವೆಲ್ಲ ಅಲ್ಲೇ ಕೂತಿದೆ. ಅಂದರೆ ಹೋದ ಬೆಳೆಯಲ್ಲಿ ಹಸಿದ ತೋಟಕ್ಕೆ ನಾನು ಉಪವಾಸ ಹೇಳಿದ್ದೆ.

ಎರಡು ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾ ಕೂತಿದ್ದೇನೆ. ಒಂದೇ ತೋಟ, ಒಂದೇ ಬಗೆಯ ಮಣ್ಣು. ಮೂಲೆ ಮಾತ್ರ ಅಷ್ಟು ಸಮೃದ್ಧ ಹೇಗೆ? ಅಲ್ಲಿ ನೀವು ಏನು ಮಾಡುತ್ತೀರಿ?

ಈ ಬೆಳೆಗೆ ಲೆಕ್ಕದ ಪ್ರಕಾರ ಡಿಎಪಿ ಒಂದು ಹಿಡಿಯೂ ಬೇಡ. ಯೂರಿಯಾ ಪೂರ್ತಿ, ಆದರೆ ಎರಡು ಕಂತಿನಲ್ಲಿ. ಪೊಟ್ಯಾಷ್ ಬೇಕು. ಕೊಟ್ಟಿಗೆ ಗೊಬ್ಬರ ಸಿಕ್ಕಷ್ಟೂ ಬೇಕು. ಇದು ಲೆಕ್ಕದ ಮಾತು. ಅಣ್ಣನ ಮಾತು ಬೇರೆ ಇದೆ. ಇದೊಂದು ಸಲ ಮಾವ ಹೇಳಿದಷ್ಟು ಡಿಎಪಿಯನ್ನೂ ಹಾಕಿಬಿಡು. ಹೆಚ್ಚಾದರೆ ದುಡ್ಡು ದಂಡ, ಅಷ್ಟೇ. ಮತ್ತೆ ಏನಾದರೂ ಎಡವಟ್ಟಾದರೆ ಆ ಮನೆಯಲ್ಲಿ ನೀನು ಬಾಯಿ ತೆರೆಯುವ ಹಾಗಿರುವುದಿಲ್ಲ. ನನಗೆ ಧೈರ್ಯ ಸಾಲುತ್ತಿಲ್ಲ ಲತಾ.

ಜಯಣ್ಣ

*

ಅಕ್ಕೂರು
8 ಅಕ್ಟೋಬರ್ 2024

ಅಣ್ಣ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಲೆಕ್ಕದ ಮಾತನ್ನು ಇಟ್ಟುಕೊಂಡೆ, ಅಣ್ಣನ ಮಾತನ್ನು ಒಲೆಗೆ ಹಾಕಿದೆ. ಬೇಜಾರಾಗಬೇಡ. ಡಿಎಪಿ ಹಾಕಿ ಗೆದ್ದರೆ ಗೆದ್ದದ್ದು ಪರೀಕ್ಷೆಯೋ ಡಿಎಪಿಯೋ ಅಂತ ಯಾರಿಗೆ ಗೊತ್ತಾಗುತ್ತದೆ? ಬೋರಲಿಂಗಯ್ಯ ಡಿಎಪಿ ಅನ್ನುತ್ತಾರೆ, ಮಾವ ಹೌದು ಅನ್ನುತ್ತಾರೆ, ನಾನು ಮತ್ತೆ ಕಾಫಿ ಕಾಯಿಸಬೇಕಾಗುತ್ತದೆ. ಹೋದ ಸಲ ನಾನು ಪರೀಕ್ಷೆಯನ್ನು ನಂಬಿ ಕೆಟ್ಟಿದ್ದಲ್ಲ, ಮಣ್ಣು ಎಲ್ಲಿಯದು ಅಂತ ಕೇಳದೆ ಕೆಟ್ಟಿದ್ದು. ಈ ಮಣ್ಣನ್ನು ನನ್ನ ಕೈಯಾರೆ ತೆಗೆದಿದ್ದೇನೆ. ಇದನ್ನು ನಂಬುತ್ತೇನೆ.

ಮೂಲೆಗೆ ಏನು ಮಾಡುತ್ತೀರಿ ಅಂದೆಯಲ್ಲ, ಆ ಪ್ರಶ್ನೆಯನ್ನೇ ಹಿಡಿದುಕೊಂಡು ಮಾವನ ಹತ್ತಿರ ಹೋದೆ. ಎರಡೂ ಚೀಟಿ ಓದಿ ಹೇಳಿದೆ. ಮೂಲೆಯ ಮಣ್ಣು ನೋಡಲು ಲ್ಯಾಬಿನವರೆಲ್ಲ ಬಂದಿದ್ದರಂತೆ ಅಂದಾಗ ಮುದುಕರ ಮುಖ ಅರಳಿತು. "ಬರ್ದೆ ಏನು? ವರ್ಸ ವರ್ಸ ಮೊದಲ್ನೇ ಮಕ್ಕರಿ ಕೊಟ್ಟಿಗೆ ಗೊಬ್ಬರ ಅಲ್ಲಿಗೇ ಸುರ್ಯದು. ನಮ್ಮಪ್ಪನ ಕಾಲ್ದಿಂದ ಅಲ್ಲಿಗೆ ಒಂದ್ ಕಾಳು ಸರ್ಕಾರಿ ಗೊಬ್ಬರ ತಾಕ್ಸಿಲ್ಲ. ದೇವ್ರ ಜಾಗ ಅದು."

ನಾನು ಕೇಳಿದೆ: ಹಾಗಾದರೆ ಮಾವ, ಪೂರ್ತಿ ತೋಟವನ್ನೇ ದೇವರ ಜಾಗ ಅಂದುಕೊಂಡರೆ?

ಅವರು ಟವೆಲ್ ಕೊಡವಿಕೊಂಡು ಎದ್ದು ಹೋದರು. ಸೋತೆ ಅಂದುಕೊಂಡೆ. ಸಂಜೆ ನೋಡಿದರೆ ಕುರಿಯ ಕರಿಯಪ್ಪನನ್ನು ಕರೆದುಕೊಂಡು ಬಂದಿದ್ದಾರೆ. ಮೇಲಿನ ತೋಟದಲ್ಲಿ ಕುರಿಮಂದೆ ಕೂರಿಸಿ ಹಿಕ್ಕೆ ಗೊಬ್ಬರ ಬೀಳಿಸಲು! ಚಿಗುರಿದ್ದ ಕಡ್ಡಿಯನ್ನು ಬುಡಕ್ಕೆ ಕಡಿಸಿ ಕುರಿಗಳಿಗೇ ಹಾಕಿದೆ. ಕುರಿ ಜಾಗ ಬದಲಿಸುತ್ತಾ ಬದಲಿಸುತ್ತಾ ತೋಟ ಪೂರ್ತಿ ಮಲಗೆದ್ದವು. ರೇಷ್ಮೆ ಸೊಪ್ಪನ್ನು ಕುರಿಗೆ ಹಾಕುವುದನ್ನು ಕಂಡು ಬೋರಲಿಂಗಯ್ಯ ಬೀದರ್ ಗೊಬ್ಬರದ ಪ್ರಶ್ನೆಯನ್ನೇ ಮರೆತರು. ಅದೊಂದು ಲಾಭ.

ಡಿಎಪಿ ಬೇಡ ಅಂದಾಗ ಮಾತ್ರ ಮಾವ ಗುಡುಗಿದರು. "ಡಿಎಪಿ ಇಲ್ದೆ ಬೇರು ಬುಡ್ತದಾ? ನೋಡವ್ವ, ಇದೇ ಕೊನೇದು." ಆಗಲಿ ಮಾವ ಅಂದೆ. ಅವರು ಕೆಳಗಿನ ತೋಟಕ್ಕೆ ಎಂದಿನಂತೆ ಮೂಟೆ ಸುರಿಸಿದ್ದಾರೆ. ಬದುವಿನ ಆಚೆ ಅವರದು, ಈಚೆ ನನ್ನದು.

ಹೆದರಿಕೆ ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಈ ಹೆದರಿಕೆ ಚೆನ್ನಾಗಿದೆ ಅಣ್ಣ. ನನ್ನದೇ ಹೆದರಿಕೆ.

ಲತಾ

*

ಬೀದರ್
20 ನವೆಂಬರ್ 2024

ಲತಾ,

ನಿನ್ನಿಂದ ಸುದ್ದಿಯೇ ಇಲ್ಲ. ಫೋನ್ ಮಾಡಿದರೆ ಮಾವ ಎತ್ತಿ, "ತೋಟದಲ್ಲವಳೆ" ಅಂದು ಇಟ್ಟುಬಿಟ್ಟರು. ಅವರ ದನಿಯಲ್ಲಿ ಏನಿತ್ತೋ ತಿಳಿಯಲಿಲ್ಲ. ನಿಮ್ಮ ಅತ್ತಿಗೆ ಸಿಟ್ಟು ಅನ್ನುತ್ತಾಳೆ, ನನಗೂ ಹಾಗೇ ಅನ್ನಿಸಿತು. ಹೋದ ಸಲ ಚೆನ್ನಾಗಿದೆ ಅಂತ ಬರೆದು ಮುಚ್ಚಿಟ್ಟೆ. ಈ ಸಲ ಅದನ್ನೂ ಬರೆಯುತ್ತಿಲ್ಲ. ಎಲೆ ಯಾವ ಬಣ್ಣ ಅಂತ ಒಂದೇ ಪದ ಬರೆದು ಹಾಕು, ಸಾಕು.

ಜಯಣ್ಣ

*

ಅಕ್ಕೂರು
29 ಡಿಸೆಂಬರ್ 2024

ನನ್ನ ಪುಕ್ಕಲು ಅಣ್ಣನಿಗೆ,

ಹಸಿರು! ಕಡುಹಸಿರು!

ಬರೆಯಲಿಲ್ಲ, ನಿಜ. ದೃಷ್ಟಿ ತಾಕೀತು ಅನ್ನುವ ಭಯ. ನವೆಂಬರಿನಲ್ಲೇ ಎಲೆ ನನ್ನ ಎರಡು ಅಂಗೈ ಸೇರಿಸಿದಷ್ಟು ಅಗಲ ಬಂದಿತ್ತು. ಹಿಡಿದು ಮಡಚಿದರೆ ಮಡಿಕೆ ಬೀಳದೆ ಪಟ್ಟನೆ ಮುರಿಯುತ್ತಿತ್ತು, ಅಷ್ಟು ರಸ. ಮಾವನ ದನಿಯಲ್ಲಿದ್ದದ್ದು ಸಿಟ್ಟಲ್ಲ ಮಾರಾಯ. ಅವರು ಆಗ ದಿನಾ ಬೆಳಿಗ್ಗೆ ನನಗೆ ಗೊತ್ತಾಗದ ಹಾಗೆ ಬದುವಿನ ಮೇಲೆ ನಿಂತು, ಆಚೆಯ ಎಲೆ ಒಂದು, ಈಚೆಯ ಎಲೆ ಒಂದು ಕಿತ್ತು ಜೋಡಿಸಿ ನೋಡುತ್ತಿದ್ದರು. ಅತ್ತೆ ನನಗೆ ಕಿಟಕಿಯಿಂದ ತೋರಿಸಿದರು. ಇಬ್ಬರೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕೆವು.

ಹುಳು ತಿನ್ನುವ ಸದ್ದು ಮಳೆ ಹೊಯ್ದ ಹಾಗಿತ್ತು. ಒಂದೇ ಸಮನೆ ಹಣ್ಣಾಗಿ ಗೂಡು ಕಟ್ಟಲು ಒಟ್ಟಿಗೇ ಚಂದ್ರಿಕೆ ಹತ್ತಿದವು. ಈ ಸಲ ಕೆಳಗಿನ ತೋಟದ ಸೊಪ್ಪಿಗೆಂದು ಬಿಟ್ಟಿದ್ದ ಮಾವನ ಹುಳುಗಳಿಗೇ ಸೊಪ್ಪು ಸಾಲದೆ ಬಂದು, ನನ್ನ ಕಡೆಯಿಂದ ನಾಲ್ಕು ಹೊರೆ ಹೋಯಿತು. ನಾನೇ ತಲೆಯ ಮೇಲೆ ಹೊತ್ತು ಇಳಿಸಿ ಬಂದೆ. ನಗು ಮಾತ್ರ ತಡೆಯಲಾಗಲಿಲ್ಲ.

ರಾಮನಗರಕ್ಕೆ ಗೂಡು ತೆಗೆದುಕೊಂಡು ಹೋದಾಗ ಹೋದ ಸಲ ಹಿಸುಕಿ ಹೋಗಿದ್ದವರೇ ಸುತ್ತ ಮುತ್ತಿಕೊಂಡರು. ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಹಿಸುಕಿ, ಮತ್ತೆ ಹಿಸುಕಿ, "ಯಾವೂರಮ್ಮ?" ಅಂದರು. ಸೆರಗು ಸರಿಮಾಡಿಕೊಳ್ಳದೆ ತಲೆಯೆತ್ತಿ ಅಕ್ಕೂರು ಅಂದೆ. ರೇಟು ಬರೆಯುವುದಿಲ್ಲ, ಬಂದು ಕೇಳಿ ತಿಳಿದುಕೋ. ಅವತ್ತು ನಮ್ಮ ಸಾಲಿನಲ್ಲಿ ನಮ್ಮದಕ್ಕಿಂತ ಹೆಚ್ಚಿನ ರೇಟು ಯಾರ ಗೂಡಿಗೂ ಕೂಗಲಿಲ್ಲ.

ಮನೆಗೆ ಬಂದ ಮೇಲೆ ಮಾವ ಪಂದ್ಯದ ಸುದ್ದಿಯನ್ನೇ ಎತ್ತಲಿಲ್ಲ. ಒಂದು ದಿನ ಕಾದೆ, ಎರಡು ದಿನ ಕಾದೆ. ಮರೆತವರಂತೆ ಎಮ್ಮೆ ಮೈ ತೊಳೆಯುತ್ತಾರೆ, ಬೀಡಿ ಸೇದುತ್ತಾರೆ. ಗೆದ್ದೂ ಬಾಯಿ ಬಿಟ್ಟು ಕೇಳಬೇಕಲ್ಲ ಎಂದು ಪಾತ್ರೆಗಳನ್ನೆಲ್ಲ ಸದ್ದು ಮಾಡಿ ತೊಳೆದೆ. ನಿನ್ನೆ ಬೆಳಿಗ್ಗೆ ಇದ್ದಕ್ಕಿದ್ದಂತೆ, "ಚನ್ನಪಟ್ನಕ್ಕೆ ಹೋಗ್ಬೇಕು, ಹೊಲ್ಡವ್ವ" ಅಂದರು. ಗೊಬ್ಬರದ ಅಂಗಡಿಗೆ ಈ ಒಂಬತ್ತು ವರ್ಷದಲ್ಲಿ ನನ್ನನ್ನು ಒಂದು ದಿನವೂ ಕರೆದುಕೊಂಡು ಹೋದವರಲ್ಲ.

ಅಂಗಡಿ ತುಂಬ ಗಂಡಸರು. ಬೋರಲಿಂಗಯ್ಯನೂ ಬೆಂಚಿನ ಮೇಲೆ ಕೂತಿದ್ದರು. ಮುನೇಶ ಮಾವನನ್ನು ನೋಡಿದವನೇ ಆಳಿಗೆ ಮೂಟೆ ತೋರಿಸಿ, "ಯಾವಾಗ್ಲಂಗೇ ಹಾಕ್ಸ್‌ಬುಡ್ಲಾ ಚೆಲುವಯ್ಯಣ್ಣ?" ಅಂದ.

"ತಡ್ಯಲಾ," ಅಂದರು ಮಾವ. "ನನ್ನ ಯಾಕ್ ಕೇಳೀಯೆ? ಎರಡ್ ತೋಟಕ್ಕೂ ಈಗ ನಮ್ ಲತಾಮಣಿದೇ ಮಾತು. ಅವಳ್ನ ಕೇಳು."

ಅಣ್ಣ, ನಾನು ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ಬಂದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಒಂದು ಕ್ಷಣ ದೊಡ್ಡದಾಗಿ ಏನಾದರೂ ಹೇಳಿ ಮೂಟೆ ಹೇರಿಸೋಣ ಅನ್ನಿಸಿತು, ಅಷ್ಟು ಹುರುಪು. ಆದರೆ ಕೆಳಗಿನ ತೋಟದ ಮಣ್ಣು ಹೇಗಿದೆ ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ? "ಕೆಳಗಿನ ತೋಟದ ಪರೀಕ್ಷೆ ಇನ್ನೂ ಆಗಿಲ್ಲ ಮುನೇಶಣ್ಣ. ಅದಾಗೋಗಂಟ ಏನೂ ಬ್ಯಾಡ" ಅಂದೆ.

ಮಾವ ನನ್ನನ್ನು ನೋಡಿದರು. ಬೆಳಿಗ್ಗೆ ಬಸ್ಸು ಹತ್ತಿ ಬಂದದ್ದೇ ಮೂಟೆಗೆ. ಆದರೂ ಟವೆಲ್ ಹೆಗಲಿಗೆ ಹಾಕಿಕೊಂಡು, "ಕೇಳಿಸ್ಕಂಡ್ಯಾ ಮುನೇಶ? ಏನೂ ಬ್ಯಾಡ್ವಂತೆ" ಅಂದು ಬಾಗಿಲ ಕಡೆ ತಿರುಗಿದರು.

ಬೋರಲಿಂಗಯ್ಯ ಹಿಂದಿನಿಂದ ನಕ್ಕರು. "ಏನ್ ಚೆಲುವಯ್ಯ, ಸೊಸೆ ಮಾತ್ ಕೇಳಿ ಬರೀ ಕೈಲಿ ಹೊಂಟ್ಯಾ?"

ಮಾವ ಹೊಸಿಲಲ್ಲೇ ನಿಂತು ತಿರುಗಿದರು. "ಹೂಂ ಕಣ್ಲಾ, ಹೊಂಟೆ. ನೀನೂ ಒಂದ್ಸಲ ನಿನ್ ಸೊಸೆನ ಕೇಳ್ ನೋಡು."

ಗೆದ್ದೆ ಅಣ್ಣ. ಬಸ್ ಸ್ಟ್ಯಾಂಡಿನವರೆಗೂ ಮಾವ ಮುಂದೆ, ನಾನು ಹಿಂದೆ, ಇಬ್ಬರದೂ ಬರಿಗೈ. ಸಂಭ್ರಮಕ್ಕೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಲತಾಮಣಿ